ಎಂಟನೆಯ ಪ್ಲಾಟ್‌ಫಾರ್ಮಿಗೆ ಹನ್ನೆರಡು ನಿಮಿಷ

ನನಗೆ ಸಿಟ್ಟು ಬೇಗ ಬರುತ್ತದೆಂದು ಮನೆಯವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ನನಗೆ ಸಿಟ್ಟು ತಡವಾಗಿಯೇ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ನನ್ನ ಎಡಕ್ಕೂ ಬಲಕ್ಕೂ ಕುಳಿತವರ ಹೋಳಿಗೆಗೆ ತುಪ್ಪ ಬಡಿಸಿ, ನನ್ನ ಎಲೆಯೊಂದನ್ನೇ ದಾಟಿಹೋದ ಗೃಹಸ್ಥನ ಮುಖ, ಅವನ ಹೆಗಲ ಮೇಲಿದ್ದ ಟವೆಲ್ಲಿನ ಅಂಚಿನ ಬಣ್ಣದ ಸಮೇತ ನನಗೆ ಇಂದಿಗೂ ನೆನಪಿದೆ. ಆ ಮದುವೆಯ ವರ ಈಗ ಅಜ್ಜನಾಗಿದ್ದಾನೆ. ಈ ಸ್ವಭಾವಕ್ಕೆ ನನ್ನ ನೌಕರಿಯೂ ಕಾರಣವಿದ್ದೀತು. ಆಲಮಟ್ಟಿ ಆಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು ಓದಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಒಂದು ಅಂಗುಲ ಹೆಚ್ಚುಕಡಿಮೆಯಾದರೂ ಕಾಗದದ ಮೇಲೆ ಬರಬೇಕು. ನಿವೃತ್ತನಾಗಿ ಹೂವಿನ ಹಿಪ್ಪರಗಿಗೆ ಮರಳಿದ ಮೇಲೂ ಅಳೆಯುವ ಚಟ ನನ್ನನ್ನು ಬಿಡಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ನಾನೀಗ ಬರೆಯಹೊರಟಿರುವುದು ಒಂದು ದೊಡ್ಡ ನಗರದ ರೈಲು ನಿಲ್ದಾಣದ ಬಗ್ಗೆ. ಓದುವವರು 'ಮುದುಕನಿಗೆ ಸುಮ್ಮನೆ ಸಿಡುಕು' ಎಂದು ಪುಟ ಮಗುಚಬಾರದು. ನಗರದ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ವಾದಕ್ಕೆ ಬರುತ್ತಾರೆ. ಹೇಳದಿದ್ದರೆ ಎಲ್ಲ ದೊಡ್ಡ ಊರಿನವರೂ ಒಳಗೊಳಗೇ ಒಪ್ಪಿಕೊಳ್ಳುತ್ತಾರೆ.

ಮೊದಲು ನಮ್ಮ ಕಡೆಯ ನಿಲ್ದಾಣಗಳ ಮಾತು. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲೇ ಇಲ್ಲ. ಅಲ್ಲಿಯವರ ದೂರು ರೈಲು ಬಾರದಿರುವುದರ ಬಗ್ಗೆ ಮಾತ್ರ. ಇಂಡಿಗೂ ಬಸವನ ಬಾಗೇವಾಡಿಗೂ ನಿಲ್ದಾಣಗಳಿವೆ, ಆದರೆ ಊರಿನಿಂದ ಬಹಳ ದೂರ; ಅದಕ್ಕೇ ಅವುಗಳ ಹೆಸರಿಗೆ 'ರೋಡ್' ಎಂಬ ಬಾಲ ಅಂಟಿದೆ. ಆ ಬಾಲದ ಮೇಲೆ ನನಗೆ ತುಂಬ ಗೌರವ. 'ಅಯ್ಯಾ, ನೀನಿನ್ನೂ ಊರು ಮುಟ್ಟಿಲ್ಲ, ಮುಂದೆ ಹಾದಿ ಉಂಟು' ಎಂದು ಹಲಗೆಯ ಮೇಲೆಯೇ ಬರೆದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಇಂದು ಯಾವ ಕಚೇರಿಗಿದೆ? ಇನ್ನು ಆಲಮಟ್ಟಿಯಲ್ಲಿ, ನಲ್ಲಿಯಿಂದ ಹದಿನಾಲ್ಕು ಹೆಜ್ಜೆ ಮುಂದೆ ನಿಂತರೆ ನಮ್ಮ ಬೋಗಿಯ ಬಾಗಿಲು ಎದೆಯ ನೇರಕ್ಕೇ ಬಂದು ನಿಲ್ಲುತ್ತದೆ. ಆ ಹದಿನಾಲ್ಕು ಹೆಜ್ಜೆ ನಾನೇ ಅಳೆದದ್ದು. ಗಾಡಿ ತಡವಾದರೆ ಚಹಾದವನೇ ಬಂದು ಹೇಳುತ್ತಾನೆ.

ನಗರದ ನಿಲ್ದಾಣದಲ್ಲಿ ಎಲ್ಲವೂ ಬರೆದಿದೆ, ಏನೂ ತಿಳಿಯುವುದಿಲ್ಲ. ಬೆಂಚುಗಳ ನಡುವೆ ಕಬ್ಬಿಣದ ಸರಳು ಬೆಸೆದಿದ್ದಾರೆ; ಸೊಂಟ ನೋಯುವ ಮನುಷ್ಯ ಅರೆಗಳಿಗೆ ಒರಗಿದರೆ ದೇಶಕ್ಕೆ ಏನು ಗಂಡಾಂತರವೋ! ವಿಚಾರಣೆಯ ಕಿಟಕಿಯ ಗಾಜಿನಲ್ಲಿ ಒಂದು ತೂತಿದೆ, ಅದು ನನ್ನ ಹೊಟ್ಟೆಯ ಎತ್ತರಕ್ಕಿದೆ. ಬಾಯಿ ಅಲ್ಲಿಗೆ ಇಳಿಯಬೇಕಾದರೆ ನಡು ಬಗ್ಗಲೇಬೇಕು. ನಮ್ಮ ಹಳೆಯ ಮನೆಗಳ ಬಾಗಿಲೂ ಗಿಡ್ಡವೇ. ಆದರೆ ಬಗ್ಗಿ ಒಳಗೆ ಬಂದವನಿಗೆ ಅಲ್ಲಿ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಸಿಗುತ್ತದೆ. ಇಲ್ಲಿ ಬಗ್ಗಿದವನಿಗೆ ಸಿಕ್ಕಿದ್ದು ಒಂದು ಬೆರಳು. ಒಳಗಿದ್ದ ಮಹಾಶಯ ಮುಖವೆತ್ತದೆ, ನನ್ನ ಹಿಂದಿನ ಹಲಗೆಯ ಕಡೆಗೆ ಬೆರಳು ತೋರಿಸಿದ. ಆ ಹಲಗೆಯಲ್ಲಿ ಕೆಂಪು ಅಕ್ಷರಗಳು ಓಡುತ್ತಿದ್ದವು. ಓದುವಷ್ಟರಲ್ಲಿ ಹಿಂದಿ ಹೋಗಿ ಇಂಗ್ಲಿಷು ಬಂತು. ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಕನ್ನಡ ಬಂದು ಹೋಗಿಯೂ ಆಗಿತ್ತು.

ನಾನು ಅಲ್ಲಿಗೆ ಹೋದದ್ದು ವಿಹಾರಕ್ಕಲ್ಲ. ನನ್ನ ಅಕ್ಕ ನೀಲವ್ವ ಕೊಲ್ಹಾರದವಳು, ನನಗಿಂತ ಆರು ವರ್ಷ ದೊಡ್ಡವಳು. ಆಕೆಯ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆ ನಗರದಲ್ಲಾಯಿತು. ಕಪ್ಪು ಕನ್ನಡಕ ಹಾಕಿ, 'ಬಗ್ಗಬೇಡಿ, ಭಾರ ಎತ್ತಬೇಡಿ' ಎಂದು ಹೇಳಿ ವೈದ್ಯರು ಕಳಿಸಿಕೊಟ್ಟರು. ಮರುದಿನ ಹನ್ನೊಂದು ಗಂಟೆಗೆ ಕೊಲ್ಹಾರದಲ್ಲಿ ಅಕ್ಕನ ಮೊಮ್ಮಗಳ ಕುಬಸ, ಎಂದರೆ ಸೀಮಂತ. ಚೊಚ್ಚಲ ಬಸುರಿ. ಅವರ ಮನೆಯಲ್ಲಿ ಮೊದಲ ಉಡಿ ತುಂಬುವುದು ಮನೆಯ ಹಿರಿಯಳೇ. ಆ ಹುಡುಗಿ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಆಯಿ ಬರೂತನಕ ನಾ ಮಣಿ ಮ್ಯಾಲ ಕೂಡಂಗಿಲ್ಲ. ಮಂದಿ ಉಪಾಸ ಕುಂತ್ರೂ ಅಷ್ಟ." ಸಂಜೆ ಐದೂ ಐವತ್ತರ ಗಾಡಿ ಹಿಡಿದರೆ ಬೆಳಿಗ್ಗೆ ಆಲಮಟ್ಟಿ, ಅಲ್ಲಿಂದ ಅಳಿಯನ ಜೀಪು. ಅದು ತಪ್ಪಿದರೆ ಕುಬಸ ತಪ್ಪಿತೆಂದೇ ಲೆಕ್ಕ.

ಆದ್ದರಿಂದ ನಾವು ನಾಲ್ಕು ಗಂಟೆಗೇ ಒಂದನೆಯ ಪ್ಲಾಟ್‌ಫಾರ್ಮು ಸೇರಿ, ಗೋಡೆಯ ಬದಿಗೆ ಜಮಖಾನ ಹಾಸಿ ಕುಳಿತೆವು. ರೊಟ್ಟಿಯ ಗಂಟು ಬಿಚ್ಚಿದಾಗ ಶೇಂಗಾ ಚಟ್ನಿಯ ವಾಸನೆ ಹಿಡಿದೋ ಎಂಬಂತೆ ಒಬ್ಬರು ಹತ್ತಿರ ಬಂದರು. ಸಿಂದಗಿಯ ಬಟ್ಟೆ ವ್ಯಾಪಾರಿ ಮಕ್ತುಮಸಾಬ್. ನಮ್ಮದೇ ಗಾಡಿ, ನಮ್ಮದೇ ಬೋಗಿ. ಮಾತು ಕೇಳಿದೊಡನೆ ಅಕ್ಕ ಅವರ ಕೈಗೆ ಎರಡು ರೊಟ್ಟಿ ಇಟ್ಟಳು. ಅವರು ಮೊದಲ ತುತ್ತು ಮುರಿಯುತ್ತಿದ್ದಂತೆ ಸಮವಸ್ತ್ರದವನೊಬ್ಬ ಬಂದು ಕೋಲಿನಿಂದ ನೆಲ ಬಡಿದ.

"ರೀ ಯಜಮಾನ್ರೇ, ಎದ್ದೇಳಿ. ಇಲ್ಲಿ ಕೂತ್ಕೊಳಂಗಿಲ್ಲ."

"ಉಣ್ಣಾಕತ್ತೇವಿ, ಕಾಣಂಗಿಲ್ಲೇನ್ರಿ?" ಎಂದೆ.

"ಊಟ ಮಾಡೋಕೆ ಹೋಟ್ಲಿದೆ."

ನಮ್ಮ ಸೀಮೆಯಲ್ಲಿ ಹಗೆಯವನನ್ನೂ ಊಟದಿಂದ ಎಬ್ಬಿಸುವುದಿಲ್ಲ. ಮನೆಗೆ ಬಂದ ಜಪ್ತಿಯ ಅಧಿಕಾರಿಯೂ ಉಣ್ಣುವವರು ಕೈ ತೊಳೆಯುವ ತನಕ ಕಟ್ಟೆಯ ಮೇಲೆ ಕಾಯುತ್ತಾನೆ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆದಿದ್ದೆ. ಅಕ್ಕ ಮೊಣಕೈಯಿಂದ ತಿವಿದಳು. "ಸುಮ್ನಿರೊ. ನಿಂತ ಉಣ್ಣೂಣು. ಹೊಟ್ಟಿಗೇನ್ ಗೊತ್ತಾಗ್ತೈತಿ?" ನಿಂತು ಉಂಡೆವು. ಆ ಕೋಲಿನ ತುದಿಗೆ ಸುತ್ತಿದ್ದ ಹಳದಿ ಪಟ್ಟಿ ನನಗೆ ಕೊನೆಯುಸಿರಿನ ತನಕ ಮರೆಯುವುದಿಲ್ಲ.

ಐದೂ ಮೂವತ್ತೆಂಟಕ್ಕೆ ಘೋಷಣೆಯಾಯಿತು. ನನ್ನ ಗಡಿಯಾರ ಆಕಾಶವಾಣಿಯೊಂದಿಗೆ ಹೊಂದಿಸಿದ್ದು, ತಪ್ಪುವುದಿಲ್ಲ. ಯಂತ್ರದ ಹೆಣ್ಣು ಧ್ವನಿ ಅತ್ಯಂತ ನಯವಾಗಿ, ನಮ್ಮ ಗಾಡಿ ಒಂದರ ಬದಲು ಎಂಟನೆಯ ಪ್ಲಾಟ್‌ಫಾರ್ಮಿನಿಂದ ಹೊರಡುವುದೆಂದೂ ಅನನುಕೂಲಕ್ಕೆ ವಿಷಾದವಿದೆಯೆಂದೂ ತಿಳಿಸಿತು. ಸಾವಿರಾರು ಜನ ಒಟ್ಟಿಗೆ ಎದ್ದರು. ಟ್ರಂಕು, ಕೂಸು, ಚೀಲ, ಊರುಗೋಲು, ಎಲ್ಲ ಒಂದೇ ಸೇತುವೆಯ ಕಡೆಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಲಮಟ್ಟಿಯಲ್ಲಿ ಗೇಟು ಎತ್ತುವ ಮುನ್ನ ನಾವು ಸೈರನ್ ಊದಿಸುತ್ತಿದ್ದೆವು. ಅದಕ್ಕೂ ಮುನ್ನ ಹೊಳೆಯ ಕೆಳಗಿನ ಹಳ್ಳಿಗಳಿಗೆ ಸುದ್ದಿ ಹೋಗುತ್ತಿತ್ತು. ಪಂಪ್‌ಸೆಟ್ಟು ಎತ್ತಿಕೊಳ್ಳಲು, ದನ ದಾಟಿಸಲು, ಅಗಸರು ಒಗೆಯುವ ಬಟ್ಟೆ ಬಾಚಿಕೊಳ್ಳಲು ಅವಕಾಶ ಕೊಟ್ಟ ಮೇಲೆಯೇ ನೀರು. ಎಮ್ಮೆಗೆ ನಾವು ಕೊಟ್ಟ ಕಾಲಾವಕಾಶವನ್ನು ಟಿಕೆಟು ಕೊಂಡ ಮನುಷ್ಯನಿಗೆ ಕೊಡಲಾರದವರು ವಿಷಾದವನ್ನಾದರೂ ಏಕೆ ಯಂತ್ರದ ಬಾಯಲ್ಲಿ ಹೇಳಿಸುತ್ತಾರೆ? ಕೊಲ್ಹಾರದ ಹಳೆಯ ಊರು ಹಿನ್ನೀರಿಗೆ ಹೋದಾಗ ಅಕ್ಕ ತನ್ನ ಮನೆ ಬಿಟ್ಟು ಬಂದವಳು. ಜನರ ನೂಕುನುಗ್ಗಲಿನಲ್ಲಿ ಆಕೆ ನನ್ನ ತೋಳು ಹಿಡಿದು ಹೇಳಿದಳು: "ಊರ ಮುಳುಗಸೂ ಮುಂದೂ ಇಷ್ಟ ಗಡಿಬಿಡಿ ಮಾಡಿರಲಿಲ್ಲೊ ತಮ್ಮಾ. ವರ್ಷಗಟ್ಟಲೆ ನೋಟೀಸ ಕೊಟ್ಟಿದ್ರು."

ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಕಾಗದ ಅಂಟಿಸಿದ್ದರು. ಆ ಕಾಗದ ಹಳದಿಗಟ್ಟಿತ್ತು. ಉಳಿದದ್ದು ತಾನೇ ಏರುವ ಮೆಟ್ಟಿಲು. ಮಕ್ತುಮಸಾಬರು ನಮ್ಮ ಗಂಟನ್ನು ತಮ್ಮ ಹೆಗಲಿಗೇರಿಸಿ, "ಆಯಿ, ನನ್ನ ಕೈ ಹಿಡೀರಿ, ಅಂಜಬ್ಯಾಡ್ರಿ" ಎಂದರು. ಅಕ್ಕ ಹಿಡಿದಳು. ಹಿಡಿದು, ಮೆಟ್ಟಿಲಿನ ಬುಡದಲ್ಲಿ ಅಚ್ಚುಕಟ್ಟಾಗಿ ಚಪ್ಪಲಿ ಕಳಚಿಟ್ಟು, ಬರಿಗಾಲಿನಲ್ಲಿ ಏರಿಯೇಬಿಟ್ಟಳು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಮೆಟ್ಟಿಲೆಂದರೆ ಮಾಳಿಗೆಗೆ ಹೋಗುವ ಮೆಟ್ಟಿಲು. ಮಾಳಿಗೆಯ ಮೇಲೆ ಜೋಳ ಹರವಿರುತ್ತದೆ, ಶಾವಿಗೆ ಒಣಗುತ್ತಿರುತ್ತದೆ, ಹಪ್ಪಳ ಸಂಡಿಗೆ ಇರುತ್ತವೆ. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ. ಎಪ್ಪತ್ತು ವರ್ಷ ಹೀಗೆ ಹತ್ತಿದ ಕಾಲುಗಳು ಮೆಟ್ಟಿಲು ಕಂಡರೆ ಮನಸ್ಸನ್ನು ಕೇಳುವುದಿಲ್ಲ, ತಾವೇ ಕಳಚಿಕೊಳ್ಳುತ್ತವೆ. ಆಸ್ಪತ್ರೆಯಲ್ಲೂ ಹೀಗೆಯೇ ಆಗಿತ್ತು. ಅಂತಸ್ತಿನಿಂದ ಅಂತಸ್ತಿಗೆ ಆಕೆಯ ಚಪ್ಪಲಿ ಹೊತ್ತವನು ನಾನೇ. ಆದರೆ ಆಸ್ಪತ್ರೆಯ ಮೆಟ್ಟಿಲು ನಿಂತಲ್ಲಿಯೇ ನಿಂತಿತ್ತು. ಇದು ಅಕ್ಕನನ್ನು ಎತ್ತಿಕೊಂಡು ಹೊರಟೇಹೋಯಿತು.

"ಏ ತಮ್ಮಾ, ನನ್ನ ಚಪ್ಪಲ!" ಎಂದು ಆಕೆ ಮೇಲಿನಿಂದ ಕೂಗಿದಳು.

ಹಿಂದಿನಿಂದ ನಗು ಕೇಳಿಸಿತು. ತಿರುಗಿದೆ. ಮೂವತ್ತರ ಆಸುಪಾಸಿನ, ನೆಟ್ಟಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥ ಮೊಬೈಲು ಎತ್ತಿ ಹಿಡಿದು, ಬರಿಗಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮೇಲೇರುತ್ತಿದ್ದ ನನ್ನ ಅಕ್ಕನನ್ನೂ, ಕೆಳಗೆ ಉಳಿದ ಆ ಜೋಡಿ ಚಪ್ಪಲಿಯನ್ನೂ ಚಿತ್ರ ತೆಗೆಯುತ್ತ ನಗುತ್ತಿದ್ದ. ಮೇಲಿನಿಂದ ಮಕ್ತುಮಸಾಬರ ಧ್ವನಿ: "ಕಾಕಾ, ಚಪ್ಪಲಿ ಬಿಡ್ರಿ, ಬರ್ರಿ! ಗಾಡಿ ಬಿಡ್ತೈತಿ!" ಗಡಿಯಾರ ನೋಡಿದೆ. ಇನ್ನೂ ಏಳು ನಿಮಿಷ. ಏಳು ನಿಮಿಷದಲ್ಲಿ ನ್ಯಾಯ ಒದಗಿಸಬಹುದೆಂದು ನನಗೆ ಅನ್ನಿಸಿತು.

"ಏನ್ ತಗಿಯಾಕತ್ತೀರಿ?" ಎಂದೆ.

"ಸುಮ್ನೆ ತಮಾಷೆಗೆ, ಅಂಕಲ್."

"ನಾ ನಿಮ್ಮ ಅಂಕಲ್ ಅಲ್ಲ. ಅಕಿ ನನ್ನ ಅಕ್ಕ. ಅಕಿ ತಮಾಷಿ ಅಲ್ಲ. ಅಳಸ್ರಿ ಅದನ್ನ."

ಅವನು ಸುತ್ತ ನೋಡಿದ. ನನ್ನ ಧ್ವನಿ ನಮ್ಮ ಸೀಮೆಯ ಧ್ವನಿ. ನಾಲ್ಕು ಹೆಜ್ಜೆ ದೂರದವರಿಗೂ ಕೇಳಿಸಿತ್ತು. ಅವನು ಬೆರಳಾಡಿಸಿ, "ಅಳಿಸಿದೆ, ನೋಡಿ" ಎಂದು ತೋರಿಸಿದ.

ಇಲ್ಲಿಗೆ ಬಿಡಬಹುದಿತ್ತು. ಆದರೆ ಅಳಿಸಿದ ಚಿತ್ರಗಳು ಮೊಬೈಲಿನ ಇನ್ನೊಂದು ಬುಟ್ಟಿಯಲ್ಲಿ ಹೋಗಿ ಕುಳಿತುಕೊಂಡಿರುತ್ತವೆಂದು ನನಗೆ ಗೊತ್ತಿತ್ತು. ನನ್ನ ಮೊಬೈಲಿನ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ಮನುಷ್ಯ ನಾನಿರಬೇಕು. "ಆ ಬುಟ್ಟಿ ತಗೀರಿ" ಎಂದೆ. ಅವನಿಗೆ ಅದು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ನಾನೇ ಹುಡುಕಿ ಕೊಟ್ಟೆ. ಅಲ್ಲಿಂದಲೂ ಅಳಿಸಿದ. ಆಮೇಲೆ, ಯಾರಿಗಾದರೂ ಕಳಿಸಿದ್ದಾನೋ ಎಂದು ಪರೀಕ್ಷಿಸಿದೆ. ಕೊನೆಗೆ ಅವನು ತಗ್ಗಿದ ದನಿಯಲ್ಲಿ, "ಸಾರಿ, ಅಂಕಲ್" ಎಂದ. ಈ ಸಲದ ಅಂಕಲ್ಲನ್ನು ಮನ್ನಿಸಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ವಿಜಯಿಯಾಗಿ ಮೆಟ್ಟಿಲೇರಿದೆ.

ಎಂಟನೆಯ ಪ್ಲಾಟ್‌ಫಾರ್ಮಿಗೆ ಇಳಿದಾಗ ಗಾಡಿಯ ಕೊನೆಯ ಬೋಗಿ ನನ್ನ ಕಣ್ಣೆದುರೇ ಸರಿದುಹೋಯಿತು. ಐದೂ ಐವತ್ತು, ಸರಿಯಾಗಿ. ಎಲ್ಲದರಲ್ಲೂ ತಪ್ಪುವವರು ಹೊರಡುವ ಹೊತ್ತಿನಲ್ಲಿ ಮಾತ್ರ ಅಂದು ತಪ್ಪಲಿಲ್ಲ.

ಹತ್ತು ನಿಮಿಷಕ್ಕೆ ಅಕ್ಕನ ಫೋನು ಬಂತು. "ಎಲ್ಲಿದ್ದೀಯೊ?"

"ಎಂಟನೇ ಪ್ಲಾಟ್‌ಫಾರ್ಮಿನ್ಯಾಗ."

"ಅಲ್ಲೇನ್ ಮಾಡ್ತಿ? ಗಾಡಿ ಇಲ್ಲೈತಿ. ಜಗಳಾ ಮುಗೀತೇನು?"

"ಮುಗೀತು. ನಾನ ಗೆದ್ದೆ."

"ಆತು ಬಿಡು. ಜಗಳಾ ಮುಗಿಸೇ ಬರ್ತಿ ಅಂತ ನಂಗ ಗೊತ್ತಿತ್ತು. ಗಾಡಿಗೆ ಗೊತ್ತಿರಲಿಲ್ಲ." ಹಿನ್ನೆಲೆಯಲ್ಲಿ ಮಕ್ತುಮಸಾಬರು ನಗುವುದು ಕೇಳಿಸಿತು. ಅವರ ನಗೆಯ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಆ ಪುಣ್ಯಾತ್ಮರು ಮರುದಿನ ಆಲಮಟ್ಟಿಯಲ್ಲಿ ತಾವೂ ಇಳಿದು, ಅಕ್ಕನನ್ನು ಅಳಿಯನ ಕೈಗೊಪ್ಪಿಸಿ, ಅಲ್ಲಿಂದ ಬಸ್ಸು ಹಿಡಿದು ಸಿಂದಗಿಗೆ ಹೋದರು.

ನಾನು ಸುಮ್ಮನೆ ಕೂಡಲಿಲ್ಲ. ದೂರಿನ ಪುಸ್ತಕ ಕೇಳಿ ಪಡೆದು ಮೂರು ಪುಟ ಬರೆದೆ: ಬೆಂಚಿನ ಸರಳು, ಗಾಜಿನ ತೂತು, ಕೋಲು, ಲಿಫ್ಟಿನ ಕಾಗದ, ಹನ್ನೆರಡು ನಿಮಿಷ. ಕೇಳಿದ್ದು ಒಂದೇ: ಪ್ಲಾಟ್‌ಫಾರ್ಮು ಬದಲಿಸುವುದಾದರೆ ಮುದುಕರು ನಡೆದು ತಲುಪುವಷ್ಟು ಮುಂಚೆ ಹೇಳಿ. ನಾಲ್ಕನೆಯ ದಿನ ನನ್ನ ಮೊಬೈಲಿಗೆ, 'ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಎಂಬ ಸಂದೇಶ ಬಂತು. ಏನನ್ನು ಪರಿಹರಿಸಿದರು? ಸರಳು ಕಿತ್ತರೋ, ತೂತು ಎತ್ತರಿಸಿದರೋ? ಐದು ನಕ್ಷತ್ರಗಳ ಚಿತ್ರ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ಒಂದನ್ನೂ ಮುಟ್ಟಲಿಲ್ಲ.

ಕುಬಸವೇನೋ ಹೊತ್ತಿಗೆ ಸರಿಯಾಗಿ ನಡೆಯಿತು. ಮೊಮ್ಮಗಳು ಮಣೆಯ ಮೇಲೆ ಕುಳಿತಳಂತೆ, ಕಪ್ಪು ಕನ್ನಡಕದ ಅಕ್ಕ ಮೊದಲ ಉಡಿ ತುಂಬಿದಳಂತೆ. 'ಅಂತೆ' ಎಂದೇ ಬರೆಯಬೇಕಾಗಿದೆ, ಏಕೆಂದರೆ ಬಸ್ಸು ಬದಲಿಸಿ ಬದಲಿಸಿ ನಾನು ತಲುಪಿದಾಗ ಉಂಡವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆ ಹುಡುಗಿ ಹುಟ್ಟಿದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತವನು ನಾನು. ಆಕೆಯ ಹಸಿರು ಸೀರೆಯ ಉಡಿ ತುಂಬುವುದನ್ನು ನೋಡುವ ಭಾಗ್ಯ ನನಗಿರಲಿಲ್ಲ. ಅದಕ್ಕೆ ಹೊಣೆ ಯಾರೆಂದು ಬಹಳ ದಿನ ಯೋಚಿಸಿದೆ. ಹನ್ನೆರಡು ನಿಮಿಷದಲ್ಲಿ ಐದು ಅವರು ತಿಂದರು. ಉಳಿದ ಏಳನ್ನು ತಿಂದವನ ಹೆಸರು ಬರೆಯಲು ನನ್ನ ಲೇಖನಿ ಇನ್ನೂ ಹಿಂಜರಿಯುತ್ತಿದೆ.

ಬರುವ ತಿಂಗಳು ಅಕ್ಕನ ಎಡಗಣ್ಣಿಗೆ ಮತ್ತೆ ಅದೇ ನಗರ, ಅದೇ ನಿಲ್ದಾಣ. ಮೊನ್ನೆ ಆಕೆ ಹತ್ತಿರ ಕೂಡಿಸಿಕೊಂಡು, ಎಳೆಯ ಮಗುವಿಗೆ ಹೇಳುವ ಹಾಗೆ ಹೇಳಿದಳು: "ಜಗಳಾ ಬ್ಯಾಡ ಅನ್ನಂಗಿಲ್ಲೊ. ಅವರಿಗೂ ಯಾರರೆ ಒಬ್ರು ಹೇಳಬೇಕಲ್ಲ. ಆದ್ರ ಈ ಸಲ ಮೊದಲ ಗಾಡಿ ಹತ್ತು. ಕಿಡಕ್ಯಾಗ ಕುಂತ ಮಾಡಿದ್ರೂ ಅದು ಜಗಳನ."

ಹಿರಿಯರ ಮಾತನ್ನು ನಾನು ಮೀರುವುದಿಲ್ಲ. ಎರಡು ಆಸನ ಕಾದಿರಿಸಿದ್ದೇನೆ. ಕಿಟಕಿಯ ಪಕ್ಕದ್ದು ನನಗೆ.