ಎಡಗಡೆಯ ಸೀಟು

ನಮ್ಮ ಮಾವ ಗಾದಿಲಿಂಗಪ್ಪ ಹೆಂಡತಿ ಓಡಿಸುವ ಕಾರಿನಲ್ಲಿ ಸಮುದ್ರ ನೋಡಲು ಹೊರಟಿದ್ದಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ಕುಕನೂರು ತಲುಪಿತ್ತು. ಮಾವ ಅಂದರೆ ನನ್ನ ಅಕ್ಕ ಹುಲಗೆಮ್ಮನ ಗಂಡ. ಅವರದು ಗಂಗಾವತಿ ಹತ್ತಿರದ ಮರಳಿ. ನನ್ನನ್ನು ಕೊಟ್ಟದ್ದು ಕುಕನೂರಿಗೆ, ನಮ್ಮದು ಇಲ್ಲಿ ಕಿರಾಣಿ ಅಂಗಡಿ. ಹಳೆಯ ಬಿಳಿ ಕಾರು ನಮ್ಮ ಅಂಗಡಿ ಮುಂದೆ ಬಂದು ನಿಂತಾಗ ಓಣಿಯ ಅರ್ಧ ಜನ ಕೆಲಸ ಬಿಟ್ಟು ಹೊರಗೆ ನಿಂತಿದ್ದರು.

ಬಲಗಡೆಯ ಬಾಗಿಲು ತೆರೆದು ಅಕ್ಕ ಇಳಿದಳು. ಎಡಗಡೆಯ ಮುಂದಿನ ಸೀಟಿನಲ್ಲಿ ನೀರಿನ ಕ್ಯಾನು ಮತ್ತು ಬುತ್ತಿ ಚೀಲ ಬೆಲ್ಟು ಕಟ್ಟಿಕೊಂಡು ಕೂತಿದ್ದವು. ಮಾವ ಹಿಂದಿನ ಸೀಟಿನಲ್ಲಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಯಾವುದೋ ಊರಿನ ಗೌಡರ ಗತ್ತಿನಲ್ಲಿ ಕೂತಿದ್ದರು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

“ಮಾವಾರ, ಮುಂದ ಕುಂದ್ರಾಕ ಏನಾಗೇತ್ರಿ? ಬುತ್ತಿ ಚೀಲಕ್ಕ ಇರೋ ಮರ್ಯಾದಿ ನಿಮಗಿಲ್ಲೇನು?” ಎಂದೆ.

“ಎಡಗಡಿ ಸೀಟು ಕಿಲೀನರ್ ಜಾಗ. ನಾ ಕಿಲೀನರ್ ಅಲ್ಲ,” ಎಂದರು ಮಾವ, ನನ್ನ ಮುಖ ಕೂಡ ನೋಡದೆ.

ಇದು ಹಟವಲ್ಲ, ಅದಕ್ಕಿಂತ ದೊಡ್ಡದು. ಮಾವ ತಮ್ಮ ಆಯುಷ್ಯದ ಬಹುಪಾಲು ಗಂಗಾವತಿಯ ಅಕ್ಕಿ ಗಿರಣಿಗಳ ಲಾರಿ ಓಡಿಸಿದವರು. ಅಕ್ಕಿ ಹೇರಿಕೊಂಡು ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕರಾವಳಿಯ ಊರುಗಳಿಗೆ ಹಾಕಿ ಬರುವುದು ಅವರ ಕೆಲಸ. ಲಾರಿಯವರಲ್ಲಿ ಕೈ ಪಳಗಿದ, ನಾಲ್ಕು ಜನಕ್ಕೆ ಕಲಿಸಿದ ಡ್ರೈವರನಿಗೆ ಉಸ್ತಾದ ಎನ್ನುತ್ತಾರೆ. ಮಾವನನ್ನು ಇಡೀ ಗಂಗಾವತಿ ಉಸ್ತಾದ ಎಂದೇ ಕರೆಯುತ್ತಿತ್ತು. ಎಡಗಡೆ ಕೂರುವವನು ಕ್ಲೀನರ್; ನಮ್ಮ ಕಡೆ ಬಾಯಲ್ಲಿ ಅವನು ಕಿಲೀನರ್. ಗ್ಲಾಸು ಒರೆಸುವುದು, ಟೈರು ತಟ್ಟಿ ನೋಡುವುದು, ಲಾರಿ ಹಿಂದೆ ತೆಗೆಯುವಾಗ ಇಳಿದು “ಬರ್ಲಿ, ಬರ್ಲಿ” ಎಂದು ಕೂಗುವುದು ಅವನ ಪಾಲು. ಮಾವನ ಕಿಲೀನರ್ ಮುರ್ತುಜಾಸಾಬ ಎಡಗಡೆ ಕೂತು ಅಪ್ಪಿತಪ್ಪಿ ತೂಕಡಿಸಿದರೆ ಬೈಗುಳದ ಮಳೆ. “ಲಾರಿಗೆ ಎರಡು ಕಣ್ಣು. ಬಲಗಡೇದು ನಾ, ಎಡಗಡೇದು ನೀ. ನೀ ಮಲಗಿದ್ರ ಲಾರಿ ಒಕ್ಕಣ್ಣ ಆಗತೈತಿ” ಎನ್ನುತ್ತಿದ್ದರಂತೆ.

ಆ ಮಾತು ಅವರಿಗೇ ತಿರುಗಿ ಬಂತು. ಒಂದು ಸುಗ್ಗಿಯಲ್ಲಿ ಭತ್ತ ಹೇರುವಾಗ ಬಲಗಣ್ಣಿಗೆ ಹೊಟ್ಟು ಬಿತ್ತು. ಮಾವ ಅದನ್ನು ಉಜ್ಜಿ ಉಜ್ಜಿ ಗಾಯ ಮಾಡಿಕೊಂಡರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಣ್ಣು ಹೋಗಿತ್ತು, ಕಣ್ಣಿನ ಹಿಂದೆಯೇ ಲಾರಿಯೂ ಹೋಯಿತು. ಅಂದಿನಿಂದ ಈ ಮನುಷ್ಯ ಯಾವ ಗಾಡಿಯಲ್ಲೂ ಮುಂದೆ ಕೂರಲಿಲ್ಲ. ಬಸ್ಸು ಹತ್ತಿದರೆ ಕೊನೆಯ ಸೀಟು. ಯಾರಾದರೂ ಜೀಪು ನಿಲ್ಲಿಸಿ “ಬರ್ರಿ ಉಸ್ತಾದ” ಎಂದು ಮುಂದಿನ ಬಾಗಿಲು ತೆರೆದರೆ “ಕಾಲು ಬಿಗಿದಾವಪಾ, ನಡಕೊಂತ ಬರ್ತೀನಿ” ಎಂದು ಬಿಸಿಲಲ್ಲಿ ನಡೆಯುವುದು. ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ನೋಯಿಸಿದ್ದೆಂದರೆ ಅವರು ಘಟ್ಟದ ಕಥೆ ಹೇಳುವುದನ್ನೇ ಬಿಟ್ಟದ್ದು. ಅಕ್ಕ ಆ ಕಥೆಗಳನ್ನು ಕೇಳುತ್ತಲೇ ಸಂಸಾರ ಮಾಡಿದವಳು. ಯಾವ ತಿರುವಿನಲ್ಲಿ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ, ಎಲ್ಲಿ ಗಾಳಿಗೆ ಮೀನಿನ ವಾಸನೆ ಬರುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಒಮ್ಮೆಯೂ ನೋಡಿರಲಿಲ್ಲ, ಯಾಕೆಂದರೆ ಲಾರಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ ಎಂಬುದೂ ಈ ಮಹಾರಾಯರದೇ ಕಾನೂನು.

ನನ್ನ ಅಕ್ಕ ಕಣ್ಣೀರು ಹಾಕಿ ಕೂರುವವಳಲ್ಲ. ಆಳು ಸಿಗದ ಒಂದು ಹಂಗಾಮಿನಲ್ಲಿ ತಾನೇ ಟ್ರ್ಯಾಕ್ಟರ್ ಹತ್ತಿ ಭತ್ತ ಸಾಗಿಸಿದವಳು. ಈಗ ಮುರ್ತುಜಾಸಾಬನನ್ನು ಹಿಡಿದಳು. ಅವನೂ ಅಷ್ಟರಲ್ಲಿ ಸ್ವಂತ ಲಾರಿಯ ಡ್ರೈವರ್ ಆಗಿದ್ದ. “ಉಸ್ತಾದಗ ಗೊತ್ತಾದ್ರ ನನ್ನ ಚರ್ಮ ಸುಲೀತಾರ ಅಕ್ಕಾರ” ಎನ್ನುತ್ತಲೇ ಕಾಲುವೆ ದಂಡೆಯ ಮೇಲೆ ಅವಳಿಗೆ ಕಾರು ಕಲಿಸಿದ. ಲೈಸೆನ್ಸ್ ಕೈಗೆ ಬಂದ ದಿನ ಅಕ್ಕ ಅದನ್ನು ಗಂಡನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ನೀವು ಹೇಳಿದ ದಾರಿ ನಾ ನೋಡಬೇಕು. ಬಂದ್ರ ತೋರಸ್ರಿ. ಬರದಿದ್ರ ನಾ ಒಬ್ಬಾಕಿನ ಹೋಗ್ತೀನಿ.”

ಮಾವ ಬಹಳ ಹೊತ್ತು ಅನ್ನ ಕಲಸಿದರು. ಕೊನೆಗೆ ಬರುತ್ತೇನೆ ಎಂದರು, ಆದರೆ ಹಿಂದಿನ ಸೀಟಿನಲ್ಲಿ.

ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ಅಕ್ಕ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: “ನನಗ ಸಮುದ್ರ ನೋಡೋದು ದೊಡ್ಡದಲ್ಲ. ಈ ಮನಶ್ಯಾ ಒಮ್ಮೆ ಮುಂದ ಬಂದು ಕುಂದರಬೇಕು. ಹಿಂಗ ಹಿಂದ ಕುಂತ ಕುಂತ ಒಂದಿನ ಮನಿ ಮೂಲಿ ಸೇರಿಬಿಡ್ತಾರ ನೋಡು.” ನಾನು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಅದನ್ನೂ ಅವಳು ಎಡಗಡೆಯ ಸೀಟಿನಲ್ಲೇ ಇಟ್ಟಳು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು. ಈ ಗಂಡ ಹೆಂಡತಿಯ ಮಾತು ಒಂದಕ್ಕೊಂದು ಹೊಂದುವುದೇ ಅಪರೂಪ, ಹೊಂದಿದ್ದರಿಂದ ನಂಬಿದ್ದೇನೆ.

ಯಲ್ಲಾಪುರದವರೆಗೆ ಎಲ್ಲ ಸುಸೂತ್ರ. ಅರಬೈಲು ಘಟ್ಟ ಇಳಿಯಲು ಶುರುವಾದಾಗ ಅಕ್ಕ ನಮ್ಮ ಕಡೆಯವರು ಮಾಡುವ ತಪ್ಪನ್ನೇ ಮಾಡಿದಳು. ನಮ್ಮದು ಎತ್ತ ನೋಡಿದರೂ ಸಪಾಟು ನೆಲ. ಗಾಡಿ ಜೋರಾದರೆ ಬ್ರೇಕು ತುಳಿಯುವುದು, ಅಷ್ಟೇ ಗೊತ್ತು. ಇಳಿಜಾರಿನ ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೊರಟಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಹತ್ತಿತು.

“ಬ್ರೇಕ್ ಬಿಡು! ಸಣ್ಣ ಗೇರಿಗೆ ಹಾಕು, ಗೇರ ಹಿಡಕೊಂತೈತಿ ಗಾಡೀನ!” ಎಂದು ಮಾವ ಹಿಂದಿನಿಂದ ಚೀರಿದರು.

ಅಕ್ಕ ಗೇರು ಇಳಿಸಿದಳು. ಕಾರು ಹದಕ್ಕೆ ಬಂತು. ಆಮೇಲೆ ಹೇಳಿದಳು: “ಹಿಂದ ಕುಂತ ಒದರಿದ್ರ ಎದಿ ಒಡಿತೈತಿ. ಮುಂದ ಬಂದು ಮೆಲ್ಲಕ ಹೇಳ್ರಿ.”

ಮಾವ ಕಿಟಕಿಯಿಂದ ಕಾಡು ನೋಡುತ್ತಾ ಕೂತುಬಿಟ್ಟರು.

ಅಂಕೋಲಾದ ಊಟದ ಹೋಟೆಲಿನಲ್ಲಿ ಇನ್ನೊಂದು ಫಜೀತಿ. ಹೆಂಗಸು ಕಾರು ಓಡಿಸಿಕೊಂಡು ಬಂದದ್ದನ್ನೂ ಟವೆಲ್ಲಿನ ಗಂಡಸು ಹಿಂದಿನ ಬಾಗಿಲಿನಿಂದ ಇಳಿದದ್ದನ್ನೂ ಗಲ್ಲಾಪೆಟ್ಟಿಗೆಯ ಮೇಲೆ ಕೂತವನು ನೋಡಿದ್ದ. “ಸಾಹುಕಾರ್ರೇ, ನಿಮ್ಮ ಡ್ರೈವರಮ್ಮನಿಗೂ ಊಟ ಹೇಳಲಾ?” ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಮಾವ ಬಾಯಿ ತೆರೆಯುವ ಮೊದಲೇ ಅಕ್ಕ, “ಹೇಳ್ರಿ ಹೇಳ್ರಿ. ನಮ್ಮ ಸಾಹುಕಾರ್ರು ಭಾಳ ಛಲೋ ಅದಾರ, ಡ್ರೈವರಿಗೂ ಮೀನಿನ ಊಟನ ಹಾಕಸ್ತಾರ” ಎಂದಳು. ಮಾವನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಹೊರಡುವಾಗ ಗಲ್ಲಾದ ಹತ್ತಿರ ನಿಂತು, “ಅಕಿ ನನ್ನ ಹೇಣ್ತಿ” ಎಂದು ಹೇಳಿ ಬಂದರಂತೆ. ಹೇಳಿದ್ದೇನೋ ಸರಿ, ಆದರೆ ಹೋಗಿ ಕೂತದ್ದು ಮತ್ತೆ ಹಿಂದೆಯೇ.

ಹೊನ್ನಾವರದ ಹತ್ತಿರ ಸಮುದ್ರ. ಅಕ್ಕ ಮಂಡಿಯವರೆಗೆ ಸೀರೆ ಎತ್ತಿಕೊಂಡು ನೀರಿಗೆ ಇಳಿದಳು, ಅರಿಶಿನ ಕುಂಕುಮ ಬಿಟ್ಟಳು, ಬೊಗಸೆ ನೀರು ನಾಲಿಗೆಗೆ ಹಚ್ಚಿ ಮುಖ ಕಿವುಚಿದಳು. “ನಾ ಹೇಳಿರಲಿಲ್ಲೇನು, ಉಪ್ಪು ಅಂತ?” ಎಂದರು ಮಾವ, ತಾವೇ ಉಪ್ಪು ಹಾಕಿ ಕಲಸಿದವರ ಹಾಗೆ. ಎಷ್ಟೋ ವರ್ಷದ ಮೇಲೆ ಅಂದು ಅವರ ಕಥೆಗಳು ತಾವಾಗಿಯೇ ಹೊರಗೆ ಬಂದವು. ದೋಣಿ ತೋರಿಸಿದರು, ಅಕ್ಕಿ ಇಳಿಸುತ್ತಿದ್ದ ಅಂಗಡಿಸಾಲು ತೋರಿಸಿದರು. ಅಕ್ಕ ಎಲ್ಲವನ್ನೂ ಈಗಷ್ಟೇ ಕೇಳಿದವಳಂತೆ ಹೂಂಗುಟ್ಟಿದಳು.

ಮರುದಿನ ಜೋಗದ ಕಡೆ ಹೊರಟರು. ಗೇರುಸೊಪ್ಪೆ ಘಟ್ಟ ಹತ್ತುವಾಗ ಮಾವ ಹಿಂದಿನ ಸೀಟಿನಿಂದ ಒಂದು ಸತ್ಯ ಹೇಳಿದರು. “ಈ ದಾರ್ಯಾಗ ಲೆಕ್ಕ ಇಲ್ಲದಷ್ಟು ಸಲ ಬಂದೀನಿ. ಜೋಗ ಮಾತ್ರ ನೋಡಿಲ್ಲ. ಹೇರಿದ ಲಾರಿ ನಿಲ್ಲಿಸಿ ಗುಂಡಿ ನೋಡಾಕ ಯಾರು ಬಿಡ್ತಾರ? ಬೋರ್ಡು ನೋಡಿ ಮುಂದ ಹೋಗಿಬಿಡತಿದ್ದೆ.” ಮರಳಿಯಲ್ಲಿ ಜೋಗದ ವರ್ಣನೆ ಮಾಡಿ ಮಾಡಿ ಜನರ ಬಾಯಿ ತೆರೆಸಿದ್ದ ಮನುಷ್ಯ ಇದು!

ಮಂಜು ಇಳಿದಿತ್ತು. ಒಂದು ಕಡಿದಾದ ತಿರುವಿನಲ್ಲಿ ಉದ್ದನೆಯ ಲಾರಿಯೊಂದು ಮೇಲಿನಿಂದ ಬಂದು ಸಿಕ್ಕಿಕೊಂಡಿತು. ಅದು ತಿರುಗಬೇಕೆಂದರೆ ಅಕ್ಕನ ಕಾರು ಹಿಂದೆ ಹೋಗಬೇಕು. ಹಿಂದೆ ಬರುತ್ತಿದ್ದ ಬಸ್ಸು ಆಗಲೇ ಕೆಳಗಿನ ಅಗಲ ಜಾಗಕ್ಕೆ ಸರಿದು ನಿಂತಿತ್ತು. ಕಾರಿಗೆ ಉಳಿದದ್ದು ಎಡಗಡೆಯ ಅಂಚು. ಅಲ್ಲಿ ತಡೆಗೋಡೆ ಮಳೆಗೆ ಕುಸಿದು ಬರೀ ಕಲ್ಲು ಇಟ್ಟಿದ್ದರು. ಅದರ ಆಚೆ ಬಿಳಿ ಮಂಜು, ಮಂಜಿನ ಕೆಳಗೆ ಕಣಿವೆ. ಹಿಂದಿನ ಗ್ಲಾಸಿನಲ್ಲಿ ಏನೂ ಕಾಣಿಸುತ್ತಿರಲಿಲ್ಲ.

“ಅಮ್ಮಾ, ನೀವು ಇಳೀರಿ, ಯಜಮಾನರು ತೆಗೀಲಿ,” ಎಂದು ಲಾರಿಯ ಡ್ರೈವರ್ ಕೂಗಿದ.

ಅಕ್ಕ ಹ್ಯಾಂಡ್‌ಬ್ರೇಕು ಎಳೆದಳು. ಹಿಂದೆ ತಿರುಗಿ, “ನೀವ ಬರ್ರಿ. ನನ್ನ ಕೈ ನಡಗಾಕತ್ತಾವ” ಎಂದಳು.

ಮಾವ ಇಳಿದು ಅವಳ ಬಾಗಿಲಿನ ಹತ್ತಿರ ಬಂದರು. ಹಿಡಿಕೆಯ ಮೇಲೆ ಕೈ ಇಟ್ಟರು. ಅವರಿಗೆ ಎಷ್ಟು ಆಸೆಯಾಗಿರಬೇಡ! ಆದರೆ ಬಾಗಿಲು ತೆರೆಯಲಿಲ್ಲ.

“ಇಳೀಬ್ಯಾಡ,” ಎಂದರು. “ಈ ಒಂದ ಕಣ್ಣಿಗೆ ಯಾವುದು ದೂರ ಯಾವುದು ಹತ್ರ ತಿಳಿಯಂಗಿಲ್ಲ. ನಿನಗ ತಿಳಿತೈತಿ.”

ಕಣ್ಣು ಹೋದ ಮೇಲೆ ಅವರು ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಹೆಂಡತಿಯ ಮುಂದೆಯೂ ಇಲ್ಲ. ಆಡಿದವರು ಅಲ್ಲಿ ನಿಲ್ಲದೆ ಕಾರಿನ ಹಿಂದೆ ನಡೆದು, ಕಾಲಿನಿಂದ ಮಣ್ಣು ಒದ್ದು ಗಟ್ಟಿ ಇದೆಯೇ ನೋಡಿ, ಅಂಚಿನ ಕಲ್ಲುಗಳಿಗೆ ಬೆನ್ನು ಮಾಡಿ ನಿಂತರು.

“ಎಡಗಡಿ ಕನ್ನಡ್ಯಾಗ ನನ್ನ ನೋಡು. ನಾ ನಿಂತಲ್ಲಿ ತನಕ ನೆಲ ಐತಿ. ಬರ್ಲಿ!”

ಅಕ್ಕ ನನಗೆ ಹೇಳಿದ್ದು: “ಅವರು ಅಲ್ಲಿ ನಿಂತದ್ದು ನೋಡಿ ನನ್ನ ಕೈ ನಡಗೋದು ನಿಂತ ಬಿಡ್ತು ನೋಡ. ಅವರನ್ನ ಕೆಳಗ ನೂಕಾಕ ನಾನೇನು ಹುಚ್ಚಿ ಏನು?” ಮಾವ ಹೇಳಿದ್ದು: “ನನಗ ಅಂಜಿಕಿ ಬರಲಿಲ್ಲ. ಅಕಿ ಕಾಲು ಕ್ಲಚ್ ಮ್ಯಾಲೆ ಹೆಂಗ ಆಡತಿತ್ತು ಅನ್ನೂದು ಗಾಡಿ ಸಪ್ಪಳದಾಗ ಕೇಳತಿತ್ತು.” ಇಂಚು ಇಂಚಾಗಿ ಕಾರು ಹಿಂದೆ ಬಂತು. ಬರ್ಲಿ, ಬರ್ಲಿ, ಒಂದೀಟು ಬಲಕ್ಕ, ಬರ್ಲಿ. ಕೊನೆಗೆ ಮಾವನ ಅಂಗೈ ಕಾರಿನ ಬೆನ್ನ ಮೇಲೆ ಪಟ್ಟೆಂದು ಬಿತ್ತು. “ಸಾಕ್!”

ಲಾರಿ ತಿರುಗಿತು. ಹಾದುಹೋಗುವಾಗ ಅದರ ಡ್ರೈವರ್ ಅಕ್ಕನ ಕಡೆ ನೋಡಿ ಹಣೆಗೆ ಕೈ ಮುಟ್ಟಿಸಿದ. ಮಾವ ಅದನ್ನು ನೋಡಿದರು. ಆಮೇಲೆ ಬಂದು, ಎಡಗಡೆಯ ಮುಂದಿನ ಬಾಗಿಲು ತೆರೆದು, ನೀರಿನ ಕ್ಯಾನು, ಬುತ್ತಿ ಚೀಲ ಎರಡನ್ನೂ ಹಿಂದೆ ಇಟ್ಟರು. ಕೂತರು. ಬೆಲ್ಟು ಎಲ್ಲಿ ಸಿಕ್ಕಿಸಬೇಕೆಂದು ತಿಳಿಯದೆ ತಡಕಾಡಿದರು. ಅಕ್ಕನೇ ಸಿಕ್ಕಿಸಿದಳು.

ಜೋಗದಲ್ಲಿ ಮೊದಲು ಬರೀ ಮಂಜಂತೆ, ಸದ್ದು ಮಾತ್ರ. ಮಂಜು ಸರಿದಾಗ ನೀರು ಕಂಡಿತು. ಮಾವ ಕಟಕಟೆ ಹಿಡಿದು ನಿಂತು, “ಮರಳ್ಯಾಗ ನಾ ಹೇಳತಿದ್ದೆನಲ್ಲ, ಅದಕ್ಕಿಂತ ದೊಡ್ಡದೈತಿ” ಎಂದರಂತೆ. ಸುಳ್ಳುಗಾರನಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಕೆ? ಇಬ್ಬರೂ ಅಲ್ಲೇ ಕೂತು ನನ್ನ ಸಜ್ಜೆ ರೊಟ್ಟಿ ತಿಂದರು. ಹಾಗೆಂದು ಇಬ್ಬರೂ ಹೇಳಿದ್ದಾರೆ, ಆದ್ದರಿಂದ ಜೋಗದ ಲೆಕ್ಕದಲ್ಲಿ ನನ್ನದೂ ಸ್ವಲ್ಪ ಪಾಲಿದೆ.

ತಿರುಗಿ ಬರುವ ದಿನ ಮುರ್ತುಜಾಸಾಬ ಕೊಪ್ಪಳದಿಂದ ಯಾವುದೋ ನೆವ ಮಾಡಿಕೊಂಡು ಬಂದು ನಮ್ಮ ಅಂಗಡಿ ಮುಂದೆ ಕಾಯುತ್ತಿದ್ದ. ಚರ್ಮ ಉಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆ ಅವನಿಗೆ. ಕಾರು ಓಣಿಯ ಬಾಯಿಗೆ ಬಂತು. ಮಾವ ಎಡಗಡೆಯ ಮುಂದಿನ ಸೀಟಿನಲ್ಲಿದ್ದರು. ಕಿಟಕಿಯಿಂದ ಕೈ ಹೊರಗೆ ಬಿಟ್ಟು ಬಾಗಿಲು ತಟ್ಟುತ್ತಾ ಎಮ್ಮೆಗಳನ್ನು ಸರಿಸುತ್ತಿದ್ದರು. ನಾನು ತೂಗುತ್ತಿದ್ದ ತಕ್ಕಡಿ ಬಿಟ್ಟು ಅಂಗಡಿಯಿಂದ ಹೊರಗೆ ಬಂದೆ.

ನಮ್ಮ ಓಣಿಯಲ್ಲಿ ಕಾರು ತಿರುಗುವುದಿಲ್ಲ, ಹಿಂದೆ ತೆಗೆದುಕೊಂಡೇ ಬರಬೇಕು. ಮಾವ ಇಳಿದರು. ಓಣಿಯ ಜನರೆಲ್ಲ ನೋಡುತ್ತಿರುವಾಗಲೇ ಕಾರಿನ ಹಿಂದೆ ನಿಂತು, ಘಟ್ಟದ ದನಿಯಲ್ಲಿ, ಕೈ ಬೀಸಿ ಕೂಗಿದರು:

“ಬರ್ಲಿ... ಬರ್ಲಿ ಉಸ್ತಾದ, ಬರ್ಲಿ!”

ಮುರ್ತುಜಾಸಾಬ ದಿಕ್ಕು ತಪ್ಪಿದವನಂತೆ ಅವರ ಮುಖ ನೋಡಿದ. “ಉಸ್ತಾದ, ನೀವು...” ಎಂದ.

“ನನ್ನ ಯಾಕ ಕರೀತಿ? ಉಸ್ತಾದ ಒಳಗ ಅದಾಳ. ನಾ ಅಕಿ ಕಿಲೀನರ್,” ಎಂದರು ಮಾವ, ಮೀಸೆಯ ಮೇಲೆ ಕೈ ಆಡಿಸುತ್ತಾ.

ಅಕ್ಕ ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ನಮ್ಮ ಮನೆತನದ್ದೇ. “ಹಂಗಾದ್ರ ನಿಂತೀರಿ ಯಾಕ? ಗ್ಲಾಸು ಧೂಳಾಗೇತಿ, ಒರಸ್ರಿ” ಎಂದಳು.

ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಗ್ಲಾಸು ಒರೆಸತೊಡಗಿದರು.