ವನಜಾಕ್ಷಿಯ ಗರಿ, ಬೆನ್ನ ಹಿಂದಿನ ಪರದೆ

ಅಜ್ಜಂಪುರದ ವನಜಾಕ್ಷಿ ಇಪ್ಪತ್ತೆರಡು ವರ್ಷಗಳಿಂದ ತೆಂಗಿನ ತೋಟದವರಿಗೆ ಹುಳುಬಾಧೆಯ ಪಾಠ ಹೇಳುತ್ತಾ ಬಂದವಳು. ಗಟ್ಟಿ ದನಿಯಿಲ್ಲ, ನಗಿಸುವ ಕಲೆಯೂ ಇಲ್ಲ. ಆದರೆ ಅವಳದೊಂದು ಪದ್ಧತಿಯಿತ್ತು. ಮಾತಿನ ನಡುವೆ ಹುಳು ತಿಂದ ತೆಂಗಿನ ಗರಿಯೊಂದನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತಿದ್ದಳು. ಅದು ಕೈಯಿಂದ ಕೈಗೆ ಸಾಗಿ, ಸಭೆಯನ್ನೆಲ್ಲ ಸುತ್ತಿ ವಾಪಸ್ ಬರಬೇಕು. ಯಾರ ಕೈಯಲ್ಲಿ ಗರಿ ನಿಲ್ಲುತ್ತದೋ ಅವರಿಗೆ ಇನ್ನೂ ಅನುಮಾನವಿದೆ ಎಂದೇ ಅರ್ಥ. ಸಭೆ ಮುಗಿದ ಮೇಲೆ ಅವಳು ನೇರ ಅವರ ತೋಟಕ್ಕೆ ಹೋಗುತ್ತಿದ್ದಳು. ಈ ಲೆಕ್ಕ ತಪ್ಪಿದ್ದು ಅಪರೂಪ.

ಈ ಸಲದ ಸಭೆ ಚೌಳಹಿರಿಯೂರಿನ ಹತ್ತಿರ. ಕಪ್ಪುತಲೆ ಹುಳು ತೋಟಗಳನ್ನು ಬೆಂಕಿ ಬಿದ್ದಂತೆ ಒಣಗಿಸಿತ್ತು. ಅದನ್ನು ಕೊಲ್ಲುವ ಸಣ್ಣ ಕಣಜದ ಹುಳುಗಳು ಪ್ರಯೋಗಾಲಯದಲ್ಲಿ ಸಿದ್ಧವಾಗಿದ್ದವು. ಸೀಸೆಗೆ ತುಂಬಿಸಿದರೆ ಎರಡು ದಿನದೊಳಗೆ ತೋಟಕ್ಕೆ ಬಿಡಬೇಕು. ಒಬ್ಬರು ಔಷಧಿ ಹೊಡೆದಿದ್ದರೂ ಅಲ್ಲಿಗೆ ಹಾರಿದ ಕಣಜಗಳು ಸತ್ತು ವರ್ಷದ ಕೆಲಸ ಮಣ್ಣುಪಾಲು. ಔಷಧಿ ಹೊಡೆಯುವುದಿಲ್ಲವೆಂದು ಎಲ್ಲರ ಒಪ್ಪಿಗೆ ಪಡೆದು, ಸೀಸೆ ತುಂಬಿಸಿ ಎನ್ನಲು ಸಂಜೆ ಐದರೊಳಗೆ ಪ್ರಯೋಗಾಲಯಕ್ಕೆ ಫೋನ್ ಮಾಡಬೇಕಿತ್ತು.

ಬೆಳೆಗಾರರ ಸಂಘದ ಕಾರ್ಯದರ್ಶಿ ವಿಜಯ್ ಅವಳ ಬೆನ್ನ ಹಿಂದೆ ಬಿಳಿ ಪರದೆ ಕಟ್ಟಿಸಿದ್ದ. "ಮೇಡಂ, ಇವತ್ತು ಲೈವ್. ಮನೇಲಿರೋರೂ ನೋಡ್ತಾರೆ. ಅವರು ಬರೆಯೋ ಕಾಮೆಂಟೆಲ್ಲ ಇಲ್ಲೇ ಬರ್ತದೆ" ಎಂದ.

ಅವಳು ಮಾತು ಶುರುಮಾಡಿದಳು. ಎದುರಿಗೆ ಕೂತ ನಲವತ್ತಮೂರು ಬೆಳೆಗಾರರೂ ಅವಳ ತಲೆಯ ಮೇಲೆ ಏನನ್ನೋ ನೋಡುತ್ತಿದ್ದರು. ನಗುವಂಥದ್ದೇನೂ ಇಲ್ಲದ ಕಡೆ ನಕ್ಕರು. ಅವಳು ಸೆರಗು ಸರಿಮಾಡಿಕೊಂಡಳು, ಕೂದಲು ಮುಟ್ಟಿ ನೋಡಿಕೊಂಡಳು. ತಿರುಗಿದರೆ ಪರದೆಯ ಮೇಲೆ 'ತರೀಕೆರೆ ಟೈಗರ್' ಎಂಬ ಯಾರೋ ಬರೆದಿದ್ದ: 'ಅಕ್ಕಾ, ದನಿ ಕೇಳ್ತಿಲ್ಲ.'

ಅವಳು ದನಿ ಏರಿಸಿದಳು.

"ಯಾಕವ್ವಾ ಹಿಂಗ್ ಕಿರುಚ್ತೀಯ? ನಮ್ಗೇನು ಕಿವುಡೇ?" ಎಂದಳು ಮುಂದೆ ಕೂತಿದ್ದ ಓಬಮ್ಮ.

ದನಿ ಇಳಿಸಿದಳು. 'ಮತ್ತೆ ಕೇಳ್ತಿಲ್ಲ' ಎಂದ ಟೈಗರ್. ಎದುರಿಗಿದ್ದವರಿಗೆ ಹೇಳಬೇಕೋ ಕಾಣದವರಿಗೆ ಹೇಳಬೇಕೋ ತಿಳಿಯದೆ, ಕಣಜದ ಆಯುಸ್ಸನ್ನು ಎರಡು ಸಲ ಹೇಳಿದಳು, ಅದೂ ಬೇರೆ ಬೇರೆಯಾಗಿ.

ನಡುವೆ ಮುಂದಿನ ಸಾಲಿಗೆ ಕೊಟ್ಟಿದ್ದ ಗರಿ ಮಾತ್ರ ಎಲ್ಲೂ ನಿಲ್ಲದೆ, ಹಿಂದೆಂದೂ ಇಲ್ಲದಷ್ಟು ಬೇಗ ವಾಪಸ್ ಬಂತು. ಸದ್ಯ, ಎಲ್ಲರೂ ಒಪ್ಪಿದರು ಎಂದುಕೊಂಡು ಅವಳು ಫೋನಿಗೆ ಕೈಹಾಕಿದಳು. ಅಷ್ಟರಲ್ಲಿ ಸಭೆ ಹೋ ಎಂದು ನಕ್ಕಿತು. ನಗದೆ ಕೂತವನು ಎರಡನೇ ಸಾಲಿನ ಉಗ್ರಪ್ಪನೊಬ್ಬನೇ. ಅವನು ಕನ್ನಡಕ ತಂದಿರಲಿಲ್ಲ.

ಪರದೆಯ ಮೇಲೆ ಅವನ ಸೊಸೆ ಭೂಮಿಕಾ ಬರೆದಿದ್ದಳು: 'ನಮ್ಮ ಮಾವ ನಿನ್ನೆ ತಾನೇ ಇನ್ನೂರು ಮರಕ್ಕೂ ಔಷಧಿ ಹೊಡೆಸಿದ್ರಲ್ಲ ಮೇಡಂ. ಹೇಳಿಲ್ವಾ?'

"ಲೇ ಉಗ್ರ, ನಿನ್ ಸೊಸೆ ಪರದೆ ಮೇಲೆ ಬಂದವ್ಳೆ ಕಣೋ" ಎಂದು ಪಕ್ಕದ ಬೀರಪ್ಪ ತಿವಿದ.

"ಏನಂತೆ?"

"ಔಷಧಿ ಹೊಡ್ಸಿದೀಯಂತೆ."

"ಹೊಡ್ಸಿದೀನಿ. ಇಲ್ಲ ಅಂದ್ನಾ ನಾನು?"

"ಹಾಗಿದ್ರೆ ಗರಿ ಯಾಕೆ ದಾಟಿಸಿದ್ರಿ, ಉಗ್ರಪ್ಪೋರೆ?" ವನಜಾಕ್ಷಿ ಕೇಳಿದಳು. "ಅನುಮಾನ ಇದ್ರೆ ಹಿಡ್ಕೊಂಡೇ ಕೂತಿರ್ತಿದ್ರಲ್ಲ ನೀವು."

"ಎಲ್ರೂ ಮೇಲ್ ನೋಡ್ಕೊಂಡು ದಾಟಿಸ್ತಾವ್ರೆ ಕಣಮ್ಮ. ಏನೋ ಕೈಗೆ ಬಂತು, ನಾನೂ ದಾಟಿಸ್ದೆ."

ಅವಳು ಗರಿಯನ್ನು ನೋಡಿದಳು. ಹಾಗಾದರೆ ಉಳಿದ ನಲವತ್ತೆರಡು ಜನ? ಪರದೆಯ ಮೇಲೆ ಕೆಂಪು ಹೃದಯಗಳು ಗುಳ್ಳೆಗಳಂತೆ ಏಳುತ್ತಿದ್ದವು. "ನೂರಾ ಹದಿನಾರು ಲೈಕ್ ಮೇಡಂ!" ಎಂದ ವಿಜಯ್.

ಐದಕ್ಕೆ ಹತ್ತು ನಿಮಿಷವಿತ್ತು. ಅವಳು ಹೊರಗೆ ಹೋಗಿ ಫೋನ್ ಮಾಡಿದಳು.

"ಎಲ್ಲರೂ ಒಪ್ಪಿದ್ರಾ ಮೇಡಂ?" ಪ್ರಯೋಗಾಲಯದವರು ಕೇಳಿದರು.

"ಮೂರು ವಾರ ತಡೀರಿ. ಇಲ್ಲಿ ವಿಷ ಇಳೀಬೇಕು."

"ಯಾರ್‍ಯಾರು ಒಪ್ಪಿಲ್ಲ?"

"ಅದನ್ನ ತಿಳಿಯೋದು ಹೇಗೆ ಅಂತ ನನಗೀಗ ಗೊತ್ತಾಗ್ತಿಲ್ಲ" ಎಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಮೂರು ವಾರದೊಳಗೆ ನಲವತ್ತಮೂರು ತೋಟಕ್ಕೂ ತಾನೇ ಹೋಗಿ ಕೇಳುವುದೆಂದು ಬಸ್ಸಿನಲ್ಲಿ ನಿಶ್ಚಯಿಸಿದಳು. ಮೊದಲು ಉಗ್ರಪ್ಪನ ಮನೆ. ಅಲ್ಲಿ ಕೇಳಬೇಕಾದ್ದು ಮಾವನನ್ನೋ ಸೊಸೆಯನ್ನೋ ಎಂಬುದು ಮಾತ್ರ ಅಜ್ಜಂಪುರ ಬಂದರೂ ತೀರ್ಮಾನವಾಗಲಿಲ್ಲ.