ಹನಕೆರೆಯಲ್ಲಿ ಅಪ್ಪ ಕಂಡ ರೇಸು

ನಾನು ಸೈಕಲ್ ರೇಸಿನಲ್ಲಿ ಸ್ಪ್ರಿಂಟರ್ ಆಗಿದ್ದೆ. ಹಾಗಂದರೆ, ದಾರಿಯುದ್ದಕ್ಕೂ ಗಾಳಿಗೆ ಸಿಗದಂತೆ ಬೇರೆಯವರ ಬೆನ್ನ ಹಿಂದೆ ಅವಿತುಕೊಂಡು ಬಂದು, ಗೆಲುವಿನ ಗೆರೆ ಕಣ್ಣಿಗೆ ಬಿದ್ದ ಮೇಲೆ ಜೀವ ಬಿಟ್ಟು ತುಳಿದು, ಬಹುಮಾನ ಹೊಡೆದುಕೊಂಡು ಹೋಗುವವನು. ಇದಕ್ಕೆ ಸರ್ಕಾರಿ ಕೆಲಸ ಸಿಕ್ಕಿತು, ಪೇಪರಿನಲ್ಲಿ ಫೋಟೊ ಬಂತು, ಹೆಣ್ಣೂ ಕೊಟ್ಟರು. ಒಪ್ಪದವನು ಅಪ್ಪ ಒಬ್ಬನೇ.

ತಪ್ಪು ಅಪ್ಪನದಲ್ಲ, ನಮ್ಮೂರಿನದು. ಮದ್ದೂರಿನಿಂದ ಮಂಡ್ಯಕ್ಕೆ ನಡೆಯುತ್ತಿದ್ದ ರೇಸು ಹನಕೆರೆಯ ನಮ್ಮ ಗದ್ದೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮನೆ ಬಾಗಿಲಿಗೇ ಬರುವುದನ್ನು ನೋಡಲು ಮಂಡ್ಯಕ್ಕೆ ಯಾಕೆ ಹೋಗಬೇಕು ಎಂದು, ಹುಲ್ಲು ಕೊಯ್ಯುತ್ತಿದ್ದ ಅಪ್ಪ ಕುಡುಗೋಲು ಹಿಡಿದೇ ರಸ್ತೆಗೆ ಬಂದು ನಿಲ್ಲುತ್ತಿದ್ದ. ಅಲ್ಲಿ ಅವನಿಗೆ ಕಾಣುತ್ತಿದ್ದದ್ದು ಗುಂಪಿನ ನಡುವೆ ತಲೆ ತಗ್ಗಿಸಿಕೊಂಡ ಮಗ. ಸಂಜೆ ನಾನು ಗೆದ್ದ ಕಪ್ ತಂದರೆ, ಪಾಪ ಎಂದು ಯಾರೋ ಕೊಟ್ಟಿರಬೇಕು ಎಂಬಂತೆ ನೋಡುತ್ತಿದ್ದ.

"ಗಾಳಿ ತಪ್ಪಿಸ್ಕಂಡು ಸಕ್ತಿ ಉಳಿಸ್ಕಬೇಕು ಕಣಪ್ಪ" ಎಂದು ಒಮ್ಮೆ ವಿವರಿಸಿದೆ.

"ಗಂಡ್ಸಾದೋನು ಗಾಳಿಗೆ ಹೆದರ್ತಾನೇನ್ಲಾ?" ಅಂದ.

ಮೊಣಕಾಲಿನ ನೋವಿನಿಂದ ನಿವೃತ್ತಿ ತೀರ್ಮಾನಿಸಿದ ವರ್ಷ, ಕೊನೆಯ ರೇಸು. ನಾನು ಗೆಲ್ಲುವುದನ್ನು ಅಪ್ಪ ಒಮ್ಮೆಯಾದರೂ ನೋಡಬೇಕೆಂಬ ಆಸೆ ಬಲವಾಗಿತ್ತು. ಮಂಡ್ಯಕ್ಕೆ ಬಾ ಎಂದರೆ, ಎಮ್ಮೆ ಕರೆಯೋರು ಯಾರು ಅಂದ. ಹಾಗಾಗಿ ಗೆಲುವನ್ನೇ ಹನಕೆರೆಗೆ ತರಬೇಕಾಯಿತು.

ಗೆಜ್ಜಲಗೆರೆ ದಾಟಿದ್ದೇ ತಡ, ಗುಂಪು ಬಿಟ್ಟು ಒಬ್ಬನೇ ಮುಂದೆ ನುಗ್ಗಿದೆ. ಇಷ್ಟು ವರ್ಷ ಕಲಿತ ಬುದ್ಧಿಯೆಲ್ಲ ಬೇಡ ಬೇಡ ಅನ್ನುತ್ತಿತ್ತು. ನಮ್ಮ ಗದ್ದೆಯ ಹತ್ತಿರ ಬರುವಾಗ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಅಪ್ಪ ಕುಡುಗೋಲು ಮೇಲೆತ್ತಿ ಆಡಿಸಿದ. ಪಕ್ಕದಲ್ಲಿದ್ದವರು ಸರಿದು ನಿಂತರು. ಮುಂದೆ ಆಗಬೇಕಾದ್ದೇ ಆಯಿತು. ಕಾಲು ಸೋತು, ಮಂಡ್ಯ ಮುಟ್ಟುವ ಮೊದಲೇ ಇಡೀ ಗುಂಪು ನನ್ನನ್ನು ದಾಟಿತು. ಕೊನೆಯವರ ಜೊತೆ ಗೆರೆ ಮುಟ್ಟಿದೆ.

ಮನೆಗೆ ಬಂದರೆ ಅಪ್ಪ ಕೋಳಿ ಕುಯ್ಯಿಸಿದ್ದ. ಊಟಕ್ಕೆ ಕೂತಾಗ ನಿಜ ಹೇಳಿದೆ.

"ಸೋತೆ ಕಣಪ್ಪ. ಕೊನೇಲಿ ಎಲ್ರೂ ಮುಂದಕ್ಕೋದ್ರು."

"ಎಂಗೆ?"

"ಒಬ್ಬರ ಬೆನ್ನಿಂದೆ ಒಬ್ರು ಅವಿತ್ಕಂಡು ಬಂದ್ರು."

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಅದೂ ಒಂದು ಗೆಲುವೇನ್ಲಾ? ಅಂತಾ ಕಳ್ರ ಜೊತೆ ಇಷ್ಟು ವರ್ಸ ಎಂಗ್ಲಾ ಇದ್ದೆ? ನೀನ್ ಗೆದ್ದುದ್ದ ನಾನ್ ಕಣ್ಣಾರೆ ಕಂಡಿವ್ನಿ, ಉಣ್ಣು."

ನನ್ನ ಅಷ್ಟೂ ವರ್ಷದ ಸಾಧನೆಯನ್ನು ಒಂದೇ ಮಾತಿನಲ್ಲಿ ಗುಡಿಸಿ ಹಾಕಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೆದ್ದವನ ಗತ್ತಿನಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.